ಹಿಡಿದು ಕುಳಿತ ತಿರುಪುಮೊಳೆ

ಪುಣೆಯಲ್ಲಿ ಬಾಡಿಗೆಯ ಖೋಲಿ ಹಿಡಿದು ಬಿಡಾರ ಹೂಡಿರುವ ನಮ್ಮವರಿಗೆ ನಲ್ಲಿ ಸೋರುವ ಸಂಗತಿ ಹೊಸದಲ್ಲ. ಕ್ಷಣಕ್ಕೊಂದು ಹನಿಯೆಂದು ಲೆಕ್ಕಹಿಡಿದರೂ ದಿನಕ್ಕೆ ನಾಲ್ಕು ಲೀಟರಿಗೆ ಮಿಕ್ಕಿ ನೀರು ಮೋರಿಯ ಪಾಲಾಗುತ್ತದೆ. 1961ರ ಜುಲೈ 12ರಂದು ಪಾನಶೇತದ ಕಟ್ಟೆಯೊಡೆದು, ಅದರ ರಭಸಕ್ಕೆ ಖಡಕವಾಸಲೆಯೂ ಬಿರಿದಾಗ, ಊರೊಳಗೆ ಹೊಳೆ ನುಗ್ಗಿದರೂ ನಲ್ಲಿಗಳು ಒಣಗಿ ಜನರು ಬಾವಿಗಳಿಗೆ ಮೊರೆಹೋಗಬೇಕಾಯಿತು. ಆ ಕತೆಯನ್ನು ಹಿರಿಯರ ಬಾಯಿಂದ ಕೇಳಿದವರಿಗೆ ಹನಿಯ ಬೆಲೆಯನ್ನು ನಾವು ಹೇಳಬೇಕಾದುದಿಲ್ಲ.

ಒಳಗಿನ ವಾಷರನ್ನು ಬದಲಿಸಿದರೆ ಬಹುಪಾಲು ಸೋರಿಕೆ ನಿಲ್ಲುತ್ತದೆ. ವಾಷರೇನೋ ಅಗ್ಗದ ಸರಕು. ಅದನ್ನು ಮುಟ್ಟುವ ಮುನ್ನ ಹಿಡಿಕೆಯ ನೆತ್ತಿಯಲ್ಲಿರುವ ಪುಟ್ಟ ತಿರುಪುಮೊಳೆಯನ್ನು ಬಿಚ್ಚಬೇಕು. ಬರಲೊಲ್ಲದೆ ಕುಳಿತಿರುವುದು ಅದೇ! ಬಲ ಹಾಕಿದರೆ ತಲೆಯ ಗೀರು ಸವೆಯುತ್ತದೆ. ಇನ್ನೂ ಹಾಕಿದರೆ ಹಿಡಿಕೆಯೇ ಮುರಿಯುತ್ತದೆ. ಖೋಲಿ ಬಿಡುವ ದಿನ ಮಾಲಕನು ಅದರ ಬೆಲೆಯನ್ನು ಠೇವಣಿಯಲ್ಲಿ ಹಿಡಿದುಕೊಳ್ಳುವುದುಂಟು. ತಿಂಗಳ ಪಗಾರವನ್ನು ಊರಿಗೆ ಕಳಿಸುವ ಕಾರಕೂನನಿಗೂ ಹೋಟೆಲಿನ ಹುಡುಗನಿಗೂ ಇದು ಸಣ್ಣ ನಷ್ಟವಲ್ಲ.

ಹಿತ್ತಾಳೆಯ ನಲ್ಲಿಗೆ ಕಬ್ಬಿಣದ ಮೊಳೆ ಹಾಕಿರುವುದೇ ಅನರ್ಥದ ಮೂಲ. ಎರಡು ಲೋಹಗಳು ಒದ್ದೆಯಲ್ಲಿ ಕೂಡಿದಾಗ ಕಬ್ಬಿಣವು ಬೇಗನೆ ತುಕ್ಕುಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕಾದುದರಿಂದ ಅದು ತಿರುಪಿನ ಸಂದುಗಳಲ್ಲಿ ಬಿರಡೆಯಂತೆ ಬಿಗಿದುಕೊಳ್ಳುತ್ತದೆ. ಬೋರಿನ ನೀರು ಬರುವಲ್ಲಿ ಸುಣ್ಣದ ಬಿಳಿಯ ಕರೆಯೂ ಕಟ್ಟುತ್ತದೆ. ಈ ಕರೆಗೆ ಹುಳಿಯೇ ಮದ್ದು. ಹಿತ್ತಾಳೆಯ ಪಾತ್ರೆಗೆ ಹುಣಿಸೆಹಣ್ಣು ತಿಕ್ಕಿ ಬೆಳಗಿದ ನಮ್ಮ ಹೋಟೆಲಿನವರಿಗೆ ಇದನ್ನು ಕಲಿಸಹೊರಡುವುದು ಅಧಿಕಪ್ರಸಂಗವಾದೀತು.

ತುಕ್ಕಿಗಾದರೋ ತೆಳುವಾದ ಎಣ್ಣೆ ಬೇಕು. ಕೊಬ್ಬರಿ ಎಣ್ಣೆ ಬೇಡ. ಪುಣೆಯ ಚಳಿಗೆ ಅದು ಶೀಸೆಯಲ್ಲೇ ಹೆಪ್ಪುಗಟ್ಟುವಾಗ ಸಂದಿಗೆ ಇಳಿಯುವುದೆಂತು? ಅಂಗಡಿಗಳಲ್ಲಿ ದೊರೆಯುವ ಡಬ್ಲ್ಯೂಡಿ-40 ಎಂಬ ದ್ರವವು 1953ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ ಕ್ಷಿಪಣಿಯ ಮೈಗೆ ತೇವ ತಾಗದಿರಲೆಂದು ಸಿದ್ಧವಾದುದು. ನಲವತ್ತನೆಯ ಪ್ರಯತ್ನದಲ್ಲಿ ಫಲಿಸಿತೆಂದು ಆ ಅಂಕೆ. ಕ್ಷಿಪಣಿಗೆ ಒದಗಿದುದು ಬಚ್ಚಲಿಗೆ ಒದಗದೆ? ಎರಡು ಹನಿ ಬಿಟ್ಟು ರಾತ್ರಿ ಹಾಗೆಯೇ ಇರಗೊಡಬೇಕು. ನಮ್ಮವರು ಸೋಲುವುದು ಇಲ್ಲಿಯೇ. ಪಾಳಿ ಮುಗಿಸಿ ಬಂದವರಿಗೆ ಆಗಿಂದಾಗ್ಗೆ ಕೆಲಸ ತೀರಬೇಕು!

ಬೆಳಿಗ್ಗೆ ಮೊದಲು ನೀರಿನ ಕೊಳವೆಯ ಚಾವಿಯನ್ನು ಮುಚ್ಚತಕ್ಕದ್ದು. ಬಳಿಕ ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ನಲ್ಲಿಗೆ ಕೆಲವು ನಿಮಿಷ ಸುತ್ತಿಡಬೇಕು. ಕಾವಿಗೆ ಹಿತ್ತಾಳೆಯು ಕಬ್ಬಿಣಕ್ಕಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುವುದರಿಂದ ಹಿಡಿತ ತುಸು ಸಡಿಲುತ್ತದೆ. ಬೆಂಕಿ ಹಿಡಿಯುವುದು ಮಾತ್ರ ಸಲ್ಲದು. ಸವರಿದ ಎಣ್ಣೆಯೇ ಹೊತ್ತಿಕೊಂಡೀತು. ಗೀರಿನಲ್ಲಿ ತುಂಬಿ ಕೂರುವಂಥ ಸ್ಕ್ರೂಡ್ರೈವರನ್ನೇ ಆರಿಸಿ (ಅಡುಗೆಯ ಚೂರಿಯ ತುದಿಯಿಂದ ಹಾಳಾದ ಮೊಳೆಗಳಿಗೆ ಲೆಕ್ಕವಿಲ್ಲ), ಅದರ ಹಿಂಬದಿಗೆ ಹಗುರವಾಗಿ ನಾಲ್ಕು ಪೆಟ್ಟು ಕೊಡಬೇಕು. ಆಮೇಲೆ ಬಿಚ್ಚಲು ಹೋಗದೆ, ಕೂದಲೆಳೆಯಷ್ಟು ಬಿಗಿಯುವ ಕಡೆಗೇ ತಿರುಗಿಸಿ ನೋಡಬೇಕು. ತುಕ್ಕಿನ ಪದರವು ಮುರಿದರೆ ಹಿಂದುಮುಂದಾಗಿ ಸಾಗಿಸುತ್ತ ಹೊರತೆಗೆಯಬಹುದು.

ತಲೆ ಆಗಲೇ ಸವೆದಿದ್ದರೆ ಸೈಕಲ್ಲಿನ ಹಳೆಯ ಟ್ಯೂಬಿನ ತುಂಡನ್ನು ನಡುವೆ ಇಟ್ಟು ಒತ್ತಿ ತಿರುಗಿಸುವುದು. ಅದೂ ಸಾಗದಿದ್ದರೆ ಕಬ್ಬಿಣದ ಗರಗಸದಿಂದ ಹೊಸ ಗೀರು ಹಾಕುವುದು.

ಹಳೆಯ ಮೊಳೆಯನ್ನು ಮರಳಿ ಹಾಕುವುದು ಬೇಡ. ಅದನ್ನು ಕಾಗದದಲ್ಲಿ ಕಟ್ಟಿಕೊಂಡು ರವಿವಾರ ಪೇಟೆಯ ಬೋಹರಿ ಆಳಿಗೆ ಹೋಗಿ, ಅದೇ ಅಳತೆಯ ಹಿತ್ತಾಳೆಯದನ್ನೋ ಸ್ಟೇನ್‌ಲೆಸ್ ಉಕ್ಕಿನದನ್ನೋ ಕೇಳಿರಿ. ಹೊಸ ಸ್ಕ್ರೂಡ್ರೈವರಿನ ಬೆಲೆ ಭಾರವೆನಿಸಿದರೆ, ಬುಧವಾರ ಇಲ್ಲವೆ ರವಿವಾರ ಜೂನಾ ಬಾಜಾರಕ್ಕೊಮ್ಮೆ ಹೋಗಿಬರಬಹುದು. ಚೌಕಾಶಿಗೆ ನಾಲ್ಕು ಮಾತು ಮರಾಠಿ ಸಾಕು.