ಈ ಗಿಡದ ಹೆಸರೇನು?

ಭಾನುವಾರದ ಬೆಳಗ್ಗೆ ಬೆಂಗಳೂರಿನ ಲಾಲ್‌ಬಾಗಿಗೆ ವಾಯುಸೇವನೆಗೆಂದು ಬರುವವರ ನಡುವೆ, ಕಣ್ಣಿಟ್ಟು ನೋಡಿದರೆ, ಬೇರೆಯೇ ಒಂದು ಬಗೆಯ ಜನ ಕಾಣಸಿಗುತ್ತಾರೆ. ಇವರ ನಡಿಗೆಗೆ ವೇಗವಿಲ್ಲ. ಹತ್ತು ಹೆಜ್ಜೆ ನಡೆದು ನಿಲ್ಲುತ್ತಾರೆ, ಬಾಗುತ್ತಾರೆ, ನೆಲಕ್ಕೆ ಬಿದ್ದ ಹೂವೊಂದನ್ನೆತ್ತಿ ಎಸಳುಗಳನ್ನು ಎಣಿಸುತ್ತಾರೆ. ಗೃಹಿಣಿಯೊಬ್ಬರು ಕೈಚೀಲದಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿದ ರೆಂಬೆಯೊಂದನ್ನು ಹೊರತೆಗೆಯುತ್ತಾರೆ. ನಿವೃತ್ತ ಅಧಿಕಾರಿಯೊಬ್ಬರು ಕನ್ನಡಕವನ್ನು ಹಣೆಗೇರಿಸಿ ಅದನ್ನು ಮೂಗಿನ ಬಳಿಗೆ ಒಯ್ಯುತ್ತಾರೆ. ಕಾಲೇಜಿನ ಹುಡುಗನೊಬ್ಬ ತನ್ನ ಫೋನಿನಲ್ಲಿ ಸೆರೆಹಿಡಿದ ಚಿತ್ರವನ್ನು ಎಲ್ಲರ ಮುಂದೆಯೂ ಹಿಡಿಯುತ್ತಾನೆ. ಎಲ್ಲರದೂ ಒಂದೇ ಪ್ರಶ್ನೆ: "ಈ ಗಿಡದ ಹೆಸರೇನು?"

ಕೇಳುವವರಿಗೆ ಇದು ಬಿಡುವಿನ ವಿನೋದವೆಂದು ತೋರಬಹುದು. ಹಲವೊಮ್ಮೆ ಅದು ವಿನೋದವೇ ಹೌದು. ಆದರೆ ಒಂದು ಗೆಡ್ಡೆಯ ಹೆಸರು ತಪ್ಪಿದರೆ ಏನಾಗಬಹುದೆಂಬುದನ್ನು ಬಲ್ಲವರು ಈ ಪ್ರಶ್ನೆಯನ್ನು ಹಗುರವಾಗಿ ಕಾಣುವುದಿಲ್ಲ.

ಮಲೆನಾಡಿನ ಬೇಲಿಗಳ ಮೇಲೆ ಗೌರೀಹಬ್ಬದ ಸುಮಾರಿಗೆ ಅರಳುವ ಗೌರಿಹೂವನ್ನು ನೋಡದವರು ವಿರಳ. ಅಲೆಯಲೆಯಾಗಿ ಹಿಂದಕ್ಕೆ ಬಾಗಿದ ಆರು ಎಸಳುಗಳು. ಮೊದಲು ಹಸಿರು ಬೆರೆತ ಹಳದಿ, ದಿನ ಕಳೆದಂತೆ ಬೆಂಕಿಯ ಕೆಂಪು. ಅಗ್ನಿಶಿಖೆಯೆಂಬ ಹೆಸರು ಅದಕ್ಕೆ ಸುಮ್ಮನೆ ಬಂದುದಲ್ಲ. ನೆರೆಯ ತಮಿಳುನಾಡಿನ ರಾಜ್ಯಪುಷ್ಪವೂ, ದೂರದ ಜಿಂಬಾಬ್ವೆಯ ರಾಷ್ಟ್ರಪುಷ್ಪವೂ ಇದೇ. ಸಸ್ಯಶಾಸ್ತ್ರಜ್ಞರು ಇದನ್ನು ಗ್ಲೋರಿಯೋಸ ಸುಪರ್ಬ ಎಂದು ಕರೆಯುತ್ತಾರೆ; ಚೆಲುವಿಗೆ ತಕ್ಕ ಬಿರುದು. ಆದರೆ ಈ ಚೆಲುವೆಯ ಸರ್ವಾಂಗವೂ ವಿಷ. ಅದರಲ್ಲಿಯೂ ನೆಲದೊಳಗಿನ ಗೆಡ್ಡೆಯಲ್ಲಿ ಕಾಲ್ಚಿಸೀನ್ ಎಂಬ ಘೋರ ವಸ್ತು ತುಂಬಿರುತ್ತದೆ. ಗೆಣಸೆಂದು ಭ್ರಮಿಸಿ ಇದನ್ನು ತಿಂದು ಪ್ರಾಣ ಕಳೆದುಕೊಂಡವರ ವೃತ್ತಾಂತಗಳು ವೈದ್ಯಗ್ರಂಥಗಳಲ್ಲಿ ದಾಖಲಾಗಿವೆ. ತಿಂದ ಕೆಲವು ಗಂಟೆಗಳಲ್ಲಿ ವಾಂತಿಭೇದಿ ಆರಂಭ. ಬದುಕಿ ಉಳಿದವರಿಗೂ ಒಂದೆರಡು ವಾರಗಳಲ್ಲಿ ತಲೆಗೂದಲು ಉದುರಿಹೋಗುವುದುಂಟು.

ಗೆಣಸಿನ ಬಳ್ಳಿಗೂ ಗೌರಿಹೂವಿನ ಬಳ್ಳಿಗೂ ಎಲ್ಲಿಯ ಸಾಮ್ಯ ಎಂದು ಓದುಗರು ಕೇಳಬಹುದು. ಎಲೆಯಿರುವಾಗ ಖಂಡಿತ ಇಲ್ಲ. ಗೌರಿಹೂವಿನ ಎಲೆಯ ತುದಿ ಸುರುಳಿಸುತ್ತಿ, ಅದೇ ಕುಡಿಯಾಗಿ, ಪಕ್ಕದ ಕಡ್ಡಿಯನ್ನು ಹಿಡಿದುಕೊಳ್ಳುತ್ತದೆ. ಗೆಣಸಿಗೆ ಆ ಚಾತುರ್ಯವಿಲ್ಲ. ಮೋಸವಾಗುವುದು ಮಳೆಗಾಲ ಕಳೆದು ಬಳ್ಳಿ ಒಣಗಿಹೋದ ಮೇಲೆ, ಬೇಲಿಯ ಬುಡ ಅಗೆಯುವವನ ಕೈಗೆ ಗೆಡ್ಡೆಯೊಂದೇ ಸಿಕ್ಕಾಗ. ಆಗಲೂ ಗುರುತು ಇಲ್ಲದಿಲ್ಲ. ಈ ಗೆಡ್ಡೆ ನೇಗಿಲಿನಂತೆ ಕೋನವಾಗಿ ಕವಲೊಡೆದಿರುತ್ತದೆ. ಸಂಸ್ಕೃತದ ವೈದ್ಯರು ಇದಕ್ಕೆ 'ಲಾಂಗಲಿ' ಎಂದು ಹೆಸರಿಟ್ಟರು, ಲಾಂಗಲವೆಂದರೆ ನೇಗಿಲು. ಎಚ್ಚರಿಕೆಯನ್ನು ಹೆಸರಿನೊಳಗೇ ಹುದುಗಿಸಿಟ್ಟ ಆ ಹಿರಿಯರ ಜಾಣ್ಮೆಗೆ ತಲೆದೂಗಬೇಕು.

ಎಲ್ಲ ಹೆಸರುಗಳೂ ಇಷ್ಟು ಉಪಕಾರಿಯಲ್ಲ. ನಮ್ಮ ಹಿತ್ತಿಲುಗಳಲ್ಲಿ ಮೂರು 'ಕಣಗಿಲೆ'ಗಳಿವೆ. ಗುಲಾಬಿ, ಬಿಳಿ ಬಣ್ಣದ ಹೂ ಬಿಡುವ ಕಣಗಿಲೆ ಒಂದು. ಗಂಟೆಯಾಕಾರದ ಹಳದಿ ಹೂವಿನ ಕಣಗಿಲೆ ಇನ್ನೊಂದು. ದೇವಾಲಯಗಳ ಅಂಗಳದ ದೇವಕಣಗಿಲೆ ಮತ್ತೊಂದು. ಮೂರೂ ಒಂದೇ ದೊಡ್ಡ ಕುಲಕ್ಕೆ ಸೇರಿದವು, ನಿಜ. ಆದರೆ ಮೂರೂ ಬೇರೆ ಬೇರೆ ಸಸ್ಯಗಳು. ಮೊದಲಿನದರ ಎಲೆಗಳು ಸಾಮಾನ್ಯವಾಗಿ ಮೂರು ಮೂರಾಗಿ ಒಂದೇ ಗೆಣ್ಣಿನಲ್ಲಿ ನಿಲ್ಲುತ್ತವೆ; ಹಳದಿಯದರ ಎಲೆಗಳು ಒಂದಾದ ಮೇಲೊಂದರಂತೆ ಕಾಂಡವನ್ನು ಸುತ್ತುತ್ತವೆ. ಇವೆರಡೂ ಹೃದಯವನ್ನೇ ಹಿಡಿದು ನಿಲ್ಲಿಸಬಲ್ಲ ವಿಷಗಳು. ಅಮೆರಿಕದ ಉಷ್ಣವಲಯದಿಂದ ಬಂದ ಹಳದಿ ಕಣಗಿಲೆಯ ಬೀಜವನ್ನಂತೂ ಮಕ್ಕಳ ಕೈಗೆ ಎಟುಕದಂತೆ ನೋಡಿಕೊಳ್ಳಬೇಕು.

'ಬ್ರಾಹ್ಮಿ'ಯ ಕಥೆ ಇದಕ್ಕಿಂತ ಸೌಮ್ಯ, ಆದರೆ ತೊಡಕು ಹೆಚ್ಚು. ನಮ್ಮ ಮನೆಗಳಲ್ಲಿ ತಂಬುಳಿಗೆ ಬಳಸುವ ಒಂದೆಲಗವನ್ನು ಹಲವರು ಬ್ರಾಹ್ಮಿಯೆನ್ನುತ್ತಾರೆ. ಕೆರೆಯಂಚಿನ ಕೆಸರಿನಲ್ಲಿ ಹರಡುವ, ಪುಟ್ಟ ದಪ್ಪ ಎಲೆಗಳ ನೀರುಬ್ರಾಹ್ಮಿಯೇ ನಿಜವಾದ ಬ್ರಾಹ್ಮಿಯೆಂದು ಇನ್ನು ಕೆಲವರ ವಾದ. ಒಂದೆಲಗ ಕೊತ್ತಂಬರಿಯ ಬಂಧು. ನೀರುಬ್ರಾಹ್ಮಿಗೂ ಅದಕ್ಕೂ ನಂಟೇ ಇಲ್ಲ. ವೈದ್ಯರು ಒಂದನ್ನು ಬರೆದು ಅಂಗಡಿಯವನು ಇನ್ನೊಂದನ್ನು ಕೊಟ್ಟರೆ ತಪ್ಪು ಯಾರದು? ಹೆಸರಿನದೇ ಎನ್ನಬೇಕು.

ದತ್ತೂರಿಯ ಪ್ರಕರಣದಲ್ಲಿ ಮಾತ್ರ ತಪ್ಪು ಹೆಸರಿನದಾಗಿರಲಿಲ್ಲ. ಮೆಕ್ಸಿಕೋ ಮೂಲದ ಈ ಮುಳ್ಳುಗಿಡದ ಕಪ್ಪು ಬೀಜ ಸಾಸಿವೆಯನ್ನು ಹೋಲುತ್ತದೆ. ೧೯೯೮ರಲ್ಲಿ ದೆಹಲಿಯಲ್ಲಿ ಇದರ ಎಣ್ಣೆ ಬೆರೆತ ಸಾಸಿವೆಯೆಣ್ಣೆ ತಿಂದು ನೂರಾರು ಮಂದಿ ಕಾಲು ಬಾತು ಆಸ್ಪತ್ರೆ ಸೇರಿದರು, ಹಲವರು ಹಿಂದಿರುಗಲಿಲ್ಲ.

ಗಿಡವನ್ನು ಒಬ್ಬನೇ ಗುರುತಿಸುವುದು ಕಷ್ಟ, ಹಲವರು ಕೂಡಿದರೆ ಸುಲಭ ಎಂಬುದು ಹೊಸ ವಿಚಾರವೇನಲ್ಲ. ಹದಿನೇಳನೆಯ ಶತಮಾನದ ಕೊಚ್ಚಿಯಲ್ಲಿ ಇಂಥದೇ ಒಂದು ಕೂಟ ನೆರೆದಿತ್ತು. ಮಲಬಾರಿನ ಡಚ್ ಅಧಿಪತಿ ಹೆಂಡ್ರಿಕ್ ವಾನ್ ರೀಡ್ ಯುದ್ಧದಲ್ಲಿ ಪಳಗಿದವನು, ಸಸ್ಯಶಾಸ್ತ್ರ ಓದಿದವನಲ್ಲ. ಆದರೆ ಸುತ್ತಲಿನ ಹಸುರಿನ ಸಮೃದ್ಧಿ ಅವನನ್ನು ಮರುಳುಮಾಡಿತು. ಅವನು ಕೇಳಿದ್ದೂ ಇದೇ ಪ್ರಶ್ನೆಯನ್ನು. ಉತ್ತರ ಹೇಳಿದವರು ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯ, ಮತ್ತು ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು. ಗೋವೆಯನ್ನು ತೊರೆದು ದಕ್ಷಿಣಕ್ಕೆ ಸರಿದ ಈ ಜನರ ಬಂಧುಬಳಗ ನಮ್ಮ ಕಾರವಾರ, ಮಂಗಳೂರುಗಳಲ್ಲಿಯೂ ನೆಲೆನಿಂತಿತೆಂಬುದನ್ನು ಇಲ್ಲಿ ನೆನೆಯಬಹುದು. ಅಚ್ಯುತನ್ ಮಲಯಾಳದಲ್ಲಿ ಹೇಳಿದ್ದು ಪೋರ್ಚುಗೀಸಿಗೆ ಇಳಿದು, ಕಡೆಗೆ ಲ್ಯಾಟಿನ್ನಿಗೆ ಏರಿತು. ಚಿತ್ರಗಾರರು ಎಲೆ, ಹೂ, ಕಾಯಿಗಳನ್ನು ಬರೆದರು. ಹೆಸರುಗಳು ಮಲಯಾಳ, ಅರಬ್ಬೀ, ನಾಗರೀ ಲಿಪಿಗಳಲ್ಲಿಯೂ ಅಚ್ಚಾದವು.

'ಹೋರ್ಟಸ್ ಮಲಬಾರಿಕಸ್' ಎಂಬ ಆ ಮಹಾಗ್ರಂಥ ೧೬೭೮ರಿಂದ ೧೬೯೩ರವರೆಗೆ ಆಂಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಹೊರಬಂತು. ಅದು ಪೂರ್ಣವಾದದ್ದನ್ನು ನೋಡಲು ವಾನ್ ರೀಡ್ ಇರಲಿಲ್ಲ. ೧೬೯೧ರಲ್ಲಿ ಸೂರತ್ತಿಗೆ ಹೋಗುವ ಹಡಗಿನಲ್ಲೇ ತೀರಿಕೊಂಡಿದ್ದ. ಭಾರತವನ್ನು ಕಂಡೇ ಇರದ ಸ್ವೀಡನ್ನಿನ ಲಿನೇಯಸ್ ಮುಂದೆ ನಮ್ಮ ಎಷ್ಟೋ ಗಿಡಗಳಿಗೆ ನಾಮಕರಣ ಮಾಡಿದ್ದು ಈ ಚಿತ್ರಗಳ ಬಲದಿಂದ. ಏಲಕ್ಕಿಯ ಶಾಸ್ತ್ರೀಯ ನಾಮವಾದ 'ಎಲೆಟ್ಟೇರಿಯ' ಇಂದಿಗೂ ಆ ಪುಸ್ತಕದ ಮಲಯಾಳ ಪದವನ್ನೇ ಉಚ್ಚರಿಸುತ್ತಿದೆ. ಲ್ಯಾಟಿನ್ನಿನಲ್ಲಿ ಅಡಗಿ ಕುಳಿತಿದ್ದ ಈ ಗ್ರಂಥವನ್ನು ಇಂಗ್ಲಿಷಿಗೂ ಮಲಯಾಳಕ್ಕೂ ತರಲು ಕೇರಳದ ಕೆ. ಎಸ್. ಮಣಿಲಾಲ್ ದಶಕಗಳನ್ನೇ ಸವೆಸಿದರು; ಇಂಗ್ಲಿಷ್ ಆವೃತ್ತಿ ೨೦೦೩ರಲ್ಲಿ ಬಂತು. ಅಚ್ಯುತನ್ ಹೇಳಿದ ಗಿಡಗಳನ್ನು ಅವರು ಮತ್ತೆ ಅದೇ ನಾಡಿನಲ್ಲಿ ಹುಡುಕಿ ಕಂಡರು.

ಕನ್ನಡಿಗರ ಪಾಲಿಗೆ ಈ ಅಭಿರುಚಿ ಹಚ್ಚಿದವರಲ್ಲಿ ಬಿ. ಜಿ. ಎಲ್. ಸ್ವಾಮಿಯವರು ಅಗ್ರಗಣ್ಯರು. ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಕಾಡು ಸುತ್ತಿದ ಅವರ 'ಹಸುರು ಹೊನ್ನು' ೧೯೭೮ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಸಸ್ಯಶಾಸ್ತ್ರದ ಪುಸ್ತಕಕ್ಕೆ ಸಾಹಿತ್ಯದ ಮನ್ನಣೆ! ಅದೇ ಕಾಲದಲ್ಲಿ, ೧೯೭೬ರಲ್ಲಿ, ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಸೆಸಿಲ್ ಸಲ್ಡಾನ ಅವರು ಡಾನ್ ನಿಕೋಲ್ಸನ್‌ರೊಡಗೂಡಿ ಹೊರತಂದ ಹಾಸನ ಜಿಲ್ಲೆಯ ಸಸ್ಯಾವಳಿ ಇಂದಿಗೂ ಸಂದೇಹ ಬಂದಾಗ ತೆರೆಯುವ ಗ್ರಂಥವಾಗಿದೆ.

ಲಾಲ್‌ಬಾಗಿನ ಭಾನುವಾರದ ಮಿತ್ರರು ಇಂಥ ಪಂಡಿತರಲ್ಲ. ಆದರೂ ಅವರದೇ ಒಂದು ಶಿಸ್ತಿದೆ. ಬರಿಯ ಒಂದು ಎಲೆ ತಂದವರಿಗೆ ಉತ್ತರ ಸುಲಭವಾಗಿ ಸಿಕ್ಕದು. ಎಲೆಗಳು ಎದುರುಬದುರೋ, ಒಂದರ ಬಳಿಕ ಒಂದೋ? ಮುರಿದರೆ ಹಾಲು ಒಸರುತ್ತದೆಯೇ? ಉಜ್ಜಿದರೆ ವಾಸನೆಯೇನು? ಗಿಡ ಬೆಳೆದದ್ದು ಕೆರೆಯ ಬದಿಯೋ, ಬಂಡೆಯ ಮೇಲೋ, ಯಾರೋ ತಂದಿಟ್ಟ ಕುಂಡದಲ್ಲೋ? ಬೇಸಗೆಯಲ್ಲಿ ಬೆಂಗಳೂರಿನ ಬೀದಿಗಳನ್ನು ನೇರಿಳೆಯಾಗಿಸುವ ಜಕರಾಂಡವನ್ನೂ, ಕೆಂಪಾಗಿಸುವ ಗುಲ್‌ಮೊಹರನ್ನೂ ಹೂವಿದ್ದಾಗ ಮಗುವೂ ಹೇಳಬಲ್ಲದು. ಹೂ ಉದುರಿದ ಮೇಲೆ ಎರಡರದೂ ಒಂದೇ ಬಗೆಯ ಗರಿಗರಿ ಎಲೆ. ಆಗ ದೊಡ್ಡವರೂ ಜಗಳಕ್ಕೆ ನಿಲ್ಲುತ್ತಾರೆ. ಜಕರಾಂಡದ ಎಲೆ ಜೋಡಿಜೋಡಿಯಾಗಿ ಎದುರುಬದುರು ಹುಟ್ಟುತ್ತದೆ, ಗುಲ್‌ಮೊಹರಿನದು ಹಾಗಲ್ಲ ಎಂದು ಯಾರಾದರೂ ಕೊಂಬೆ ಬಗ್ಗಿಸಿ ತೋರಿಸಿದಲ್ಲಿಗೆ ಜಗಳ ಮುಗಿಯುತ್ತದೆ. ಫೋನಿಗೆ ಚಿತ್ರ ತೋರಿಸಿದರೆ ಅದೇ ಹೆಸರು ಹೇಳುವ ಅನುಕೂಲವೂ ಈಗ ಬಂದಿದೆ. ಆದರೆ ಅದು ಎಲೆಯನ್ನು ಉಜ್ಜಿ ಮೂಸಲಾರದು.

ಅಂದಹಾಗೆ, ಒದ್ದೆ ಬಟ್ಟೆಯ ಆ ರೆಂಬೆ? ಅದರಲ್ಲಿ ಹೂವೂ ಇರಲಿಲ್ಲ, ಕಾಯಿಯೂ ಇರಲಿಲ್ಲ. ಕೈಯಿಂದ ಕೈಗೆ ಸುತ್ತಿ, ಎರಡು ಹೆಸರುಗಳು ಬಂದು, ಎರಡೂ ಬಿದ್ದುಹೋದವು. ಮುರಿದಲ್ಲಿ ಬಿಳಿಯ ಹಾಲು ಜಿನುಗಿದ್ದನ್ನು ಕಂಡ ಹಿರಿಯರು ಕನ್ನಡಕವನ್ನು ಮೂಗಿಗಿಳಿಸಿ ತೀರ್ಪನ್ನು ಮುಂದೂಡಿದರು: "ಹೂ ಬಿಡಲಿ ತಾಯಿ, ಆಗ ತನ್ನಿ. ಅಲ್ಲಿಯವರೆಗೆ ಕುಂಡವನ್ನು ಕಟ್ಟೆಯ ಮೇಲಿಡಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದಾರಲ್ಲವೆ?"