ತರಂಗಂಬಾಡಿಯ ಹೊಸ ಯೆರೂಸಲೇಮ್ ಸಭೆ: ವಾಕ್ಯ ಮತ್ತು ಮೇಜು

1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಮಾಣದ ಏಳನೆಯ ವಿಧಿಯು ಸಭೆಯ ಗುರುತಾಗಿ ಎರಡು ಲಕ್ಷಣಗಳನ್ನು ಹೇಳುತ್ತದೆ. ಸುವಾರ್ತೆಯು ಶುದ್ಧವಾಗಿ ಬೋಧಿಸಲ್ಪಡಬೇಕು. ಸಂಸ್ಕಾರಗಳು ಸುವಾರ್ತೆಗೆ ಅನುಸಾರವಾಗಿ ನೆರವೇರಬೇಕು. ಇವೆರಡೂ ಭಾರತದ ನೆಲದಲ್ಲಿ ಹೇಗೆ ಬೇರೂರಿದವು, ಎಲ್ಲಿ ತಡೆಗೊಂಡವು ಎಂಬುದನ್ನು ಅರಿಯಲು ತಮಿಳುನಾಡಿನ ಕರಾವಳಿಯ ತರಂಗಂಬಾಡಿ ಸಭೆಯ ಚರಿತ್ರೆಯು ನಮಗೆ ನೆರವಾಗುತ್ತದೆ. ನಮ್ಮ ದೇಶದ ಪ್ರಾಟೆಸ್ಟೆಂಟ್ ಮಿಶನ್ ಕಾರ್ಯದ ಚೊಚ್ಚಲ ಫಲವೇ ಈ ಸಭೆ.

ಆರಂಭ

1620ರಲ್ಲಿ ತಂಜಾವೂರಿನ ರಘುನಾಥ ನಾಯಕನೊಡನೆ ಮಾಡಿಕೊಂಡ ಒಪ್ಪಂದದ ಮೂಲಕ ಡೆನ್ಮಾರ್ಕಿನವರು ತರಂಗಂಬಾಡಿಯಲ್ಲಿ ವ್ಯಾಪಾರದ ನೆಲೆಯನ್ನು ಪಡೆದು ಡಾನ್ಸ್‌ಬೋರ್ಗ್ ಕೋಟೆಯನ್ನು ಕಟ್ಟಿದರು. ಆ ನೆಲೆಗೆ ಸುವಾರ್ತೆಯನ್ನು ಕಳುಹಿಸಬೇಕೆಂಬ ಸಂಕಲ್ಪವು ಅರಸ ನಾಲ್ಕನೆಯ ಫ್ರೆಡರಿಕನದು. ಅವನು ಕಳುಹಿಸಿದ ಬಾರ್ತೊಲೊಮಾಯಸ್ ಜೀಗನ್‌ಬಾಲ್ಗ್ ಮತ್ತು ಹೈನ್ರಿಕ್ ಪ್ಲೂಟ್‌ಷೌ ಎಂಬ ಇಬ್ಬರು ಜರ್ಮನರು 1706ರ ಜುಲೈ 9ರಂದು ಅಲ್ಲಿಗೆ ತಲುಪಿದರು. ಅರಸನ ಅಪ್ಪಣೆಯಿದ್ದರೂ ಕೋಟೆಯ ಅಧಿಕಾರಿಗಳ ಸ್ವಾಗತವಿರಲಿಲ್ಲ. ಅಧಿಪತಿ ಹಾಸಿಯಸನೊಡನೆ ಉಂಟಾದ ಘರ್ಷಣೆಯಿಂದ ಜೀಗನ್‌ಬಾಲ್ಗನು 1708ರ ಕೊನೆಯಲ್ಲಿ ಸೆರೆಯಾಗಿ, ಸುಮಾರು ನಾಲ್ಕು ತಿಂಗಳನ್ನು ಅದೇ ಕೋಟೆಯಲ್ಲಿ ಕಳೆಯಬೇಕಾಯಿತು.

1707ರ ಮೇ 12ರಂದು ಐದು ಮಂದಿ ದೀಕ್ಷಾಸ್ನಾನ ಹೊಂದಿದರು. ಅವರು ಐರೋಪ್ಯರ ಮನೆಗಳಲ್ಲಿ ದುಡಿಯುತ್ತಿದ್ದ ಗುಲಾಮರು. ಸಭೆಯ ದಾಖಲೆಯು ಒಡೆಯರಿಂದಲ್ಲ, ಇವರಿಂದ ಆರಂಭವಾಗುತ್ತದೆಂಬುದು ಗಮನಾರ್ಹ. ಅದೇ ವರ್ಷದ ಆಗಸ್ಟ್ 14ರಂದು ಯೆರೂಸಲೇಮ್ ಎಂಬ ಹೆಸರಿನ ಚಿಕ್ಕ ದೇವಾಲಯವು ಪ್ರತಿಷ್ಠಿತವಾಯಿತು. ಸಭೆಯು ಬೆಳೆದಂತೆ ಶಿಲುಬೆಯಾಕಾರದ ಹೊಸ ಯೆರೂಸಲೇಮ್ ದೇವಾಲಯವು 1718ರಲ್ಲಿ ಎದ್ದಿತು. ಮರುವರ್ಷ, 36ನೆಯ ವಯಸ್ಸಿನಲ್ಲಿ ತೀರಿಕೊಂಡ ಜೀಗನ್‌ಬಾಲ್ಗನ ದೇಹವನ್ನು ಅಲ್ಲಿಯೇ ಭೂಸ್ಥಾಪನೆ ಮಾಡಲಾಯಿತು.

ವಾಕ್ಯವು ಜನರ ನುಡಿಯಲ್ಲಿ

ಜೀಗನ್‌ಬಾಲ್ಗನು ತಮಿಳನ್ನು ಕಲಿತದ್ದು ಊರಿನ ಮಕ್ಕಳ ಜೊತೆಯಲ್ಲಿ ಕುಳಿತು, ಮರಳಿನ ಮೇಲೆ ಬೆರಳಿನಿಂದ ಅಕ್ಷರಗಳನ್ನು ತಿದ್ದುವುದರ ಮೂಲಕ. ಆಡುವ ಮಾತನ್ನು ಕಲಿತ ಮೇಲೆ ಓಲೆಗರಿಗಳ ತಮಿಳು ಗ್ರಂಥಗಳನ್ನೂ ಸಂಗ್ರಹಿಸಿ ಓದಿದನು. ಲೂಥರನ ಚಿಕ್ಕ ಜ್ಞಾನೋಪದೇಶವು ತಮಿಳಾಯಿತು. ಮುದ್ರಣಯಂತ್ರವೂ ಅಚ್ಚುಮೊಳೆಗಳೂ ಬಂದ ಮೇಲೆ 1715ರ ಹೊತ್ತಿಗೆ ಹೊಸ ಒಡಂಬಡಿಕೆಯು ಪೂರ್ತಿಯಾಗಿ ಅಚ್ಚಾಯಿತು. ವಾಕ್ಯವನ್ನು ಓದಬೇಕಾದರೆ ಓದಲು ಬರಬೇಕಷ್ಟೆ. ಆದಕಾರಣ ಶಾಲೆಗಳು ಸಭೆಯ ಜೊತೆಯಲ್ಲಿಯೇ ಹುಟ್ಟಿದವು. ಸಭೆಯ ಮೊದಲನೆಯ ಲಕ್ಷಣವನ್ನು ತರಂಗಂಬಾಡಿಯು ಹೀಗೆ ಶ್ರದ್ಧೆಯಿಂದ ಸಾಧಿಸಿತು.

ಮೇಜಿನ ಮುಂದೆ ಎದ್ದ ಪ್ರಶ್ನೆ

ಎರಡನೆಯ ಲಕ್ಷಣದ ಸಂಗತಿ ಅಷ್ಟು ಸರಳವಾಗಿರಲಿಲ್ಲ. ಒಂದೇ ಛಾವಣಿಯ ಕೆಳಗೆ ವೆಳ್ಳಾಳರು ಮೊದಲಾದ ಶೂದ್ರ ವರ್ಗದವರೂ ಪರೈಯರೂ ಬೇರೆ ಬೇರೆಯಾಗಿ ಕುಳಿತುಕೊಳ್ಳುತ್ತಿದ್ದರು. ಸ್ಥಳೀಯನೊಬ್ಬನಿಗೆ ಸಭಾಪಾಲಕ ದೀಕ್ಷೆ ಕೊಡುವ ಕಾಲವು ಬಂದಾಗ ಈ ಅಂತರವು ಬಯಲಾಯಿತು. ಪರಿಗಣನೆಯಲ್ಲಿದ್ದ ಉಪದೇಶಿಗಳಲ್ಲಿ ಕಡಲೂರಿನ ವೆಳ್ಳಾಳ ಕುಲದ ಆರೋನನೂ, ತಂಜಾವೂರಿನ ಸೇನೆಯಲ್ಲಿದ್ದು ಬಂದ ಪರೈಯ ಕುಲದ ರಾಜನಾಯಕನೂ ಇದ್ದರು. ರಾಜನಾಯಕನ ಸೇವಾನಿಷ್ಠೆಯ ವಿಷಯದಲ್ಲಿ ಸಂದೇಹವಿರಲಿಲ್ಲ. ಆದರೆ ಅವನ ಕೈಯಿಂದ ಕರ್ತನ ಭೋಜನವನ್ನು ಮೇಲಿನ ಕುಲದವರು ಸ್ವೀಕರಿಸಲಾರರೆಂಬ ಅಂಜಿಕೆಯಿತ್ತು. 1733ರ ಡಿಸೆಂಬರ್ 28ರಂದು ಆರೋನನು ದೀಕ್ಷೆ ಹೊಂದಿ, ಭಾರತದ ಮೊದಲ ಪ್ರಾಟೆಸ್ಟೆಂಟ್ ಸಭಾಪಾಲಕನಾದನು. ರಾಜನಾಯಕನು ಉಪದೇಶಿಯಾಗಿಯೇ ಉಳಿದನು.

ಆರೋನನ ಯೋಗ್ಯತೆಯನ್ನು ನಾವು ಕಡೆಗಣಿಸುವುದಿಲ್ಲ. ಹಳ್ಳಿಗಳಲ್ಲಿ ಚದುರಿದ್ದ ವಿಶ್ವಾಸಿಗಳನ್ನು ಅವನು 1745ರಲ್ಲಿ ಸಾಯುವ ತನಕ ನಂಬಿಗಸ್ತನಾಗಿ ಪಾಲಿಸಿದನು. ಆದರೂ ದೀಕ್ಷೆಯ ಮಾನದಂಡವಾಗಿ ಕರೆಯ ಪಕ್ಕದಲ್ಲಿ ಕುಲವೂ ನಿಂತಿತೆಂಬುದನ್ನು ಮರೆಮಾಡಲಾಗದು. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರ ಪಂಕ್ತಿಯಿಂದ ಹಿಂದೆಗೆದಾಗ ಪೌಲನು ಅದನ್ನು ಬರಿಯ ಶಿಷ್ಟಾಚಾರದ ವಿಷಯವೆಂದು ಎಣಿಸಲಿಲ್ಲ; ಸುವಾರ್ತೆಯ ಸತ್ಯವೇ ಅಲ್ಲಿ ಅಪಾಯದಲ್ಲಿದೆಯೆಂದು ಎಣಿಸಿದನು. ಹಾಗಾದರೆ ಊಟದ ಪಂಕ್ತಿಯು ಒಡೆದಲ್ಲಿ ಸಾರಿದ ವಾಕ್ಯವೂ ಮಸುಕಾಗುತ್ತದೆ. ಎರಡು ಲಕ್ಷಣಗಳನ್ನು ಒಂದರಿಂದೊಂದನ್ನು ಬಿಡಿಸಿ ಕಾಯಲಾಗದು.

ಮುಂದಿನ ದಾರಿಗಳು

ಈ ಪ್ರಶ್ನೆಯು ಮುಂದಿನ ಶತಮಾನಕ್ಕೂ ಹರಿಯಿತು. 1833ರಲ್ಲಿ ಆಂಗ್ಲಿಕನ್ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯೊಳಗೆ ಜಾತಿಭೇದವನ್ನು ಬಿಡಲೇಬೇಕೆಂದು ಆದೇಶಿಸಿದಾಗ ತಂಜಾವೂರು ಸೀಮೆಯಲ್ಲಿ ಬಲವಾದ ವಿರೋಧವೆದ್ದಿತು. ಡೇನಿಷ್ ಕಾರ್ಯವನ್ನು ವಹಿಸಿಕೊಂಡ ಲೈಪ್‌ಜಿಗ್ ಮಿಶನ್ನಿನ ನಾಯಕ ಕಾರ್ಲ್ ಗ್ರೌಲ್, ಜಾತಿಯು ಬಹುಮಟ್ಟಿಗೆ ಸಾಮಾಜಿಕ ವ್ಯವಸ್ಥೆಯೆಂದೂ ಬೋಧನೆಯಿಂದ ಕ್ರಮೇಣ ಕರಗುವುದೆಂದೂ ತಾಳ್ಮೆಯ ನಿಲುವನ್ನು ತಾಳಿದನು.

ಲೂಥೆರನ್ ಮತ್ತು ಸುಧಾರಿತ ಪರಂಪರೆಗಳೆರಡರಿಂದಲೂ ಬಂದ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು ಬೇರೆ ದಾರಿಯನ್ನು ಹಿಡಿದರು. ಸಭೆಯಲ್ಲಿ ಜಾತಿಗೆ ಎಡೆಯಿಲ್ಲವೆಂದರು. ಹಾಗೆ ಹೇಳಿದ್ದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಕುಲವನ್ನು ಬಿಟ್ಟವರು ಮನೆಯನ್ನೂ ಕುಲಕಸುಬನ್ನೂ ಕಳೆದುಕೊಂಡರು. ಅವರ ಜೀವನೋಪಾಯಕ್ಕಾಗಿ ನೇಯ್ಗೆಯ ಶಾಲೆಗಳನ್ನೂ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆಯಬೇಕಾಯಿತು. ಒಂದೇ ಮೇಜಿಗೆ ಕರೆದವರು ಮನೆಯ ಒಲೆಯ ಚಿಂತೆಯನ್ನೂ ಹೊರಬೇಕಾಗುತ್ತದೆಂದು ಕನ್ನಡ ಮತ್ತು ತುಳು ನಾಡಿನ ಸಭೆಗಳ ಚರಿತ್ರೆಯು ಸಾಕ್ಷಿ ಹೇಳುತ್ತದೆ.

1919ರಲ್ಲಿ ತಮಿಳು ಸುವಾರ್ತಾ ಲೂಥೆರನ್ ಸಭೆಯು ಸ್ವತಂತ್ರವಾಗಿ ರೂಪುಗೊಂಡಿತು. 1956ರಲ್ಲಿ ರಾಜಾ ಭೂಷಣಂ ಮಾಣಿಕ್ಯಂ ಅದರ ಮೊದಲ ಭಾರತೀಯ ಬಿಷಪರಾದರು. ತರಂಗಂಬಾಡಿಯ ಬಿಷಪ್ ಎಂಬ ಬಿರುದು ಇಂದಿಗೂ ಆ ಸಣ್ಣ ಊರಿನ ನೆನಪನ್ನು ಹೊತ್ತಿದೆ. 2004ರ ಸುನಾಮಿಯ ಹೊಡೆತವನ್ನು ಕಂಡ ಆ ತೀರದಲ್ಲಿ ಹೊಸ ಯೆರೂಸಲೇಮ್ ದೇವಾಲಯವು ಈಗಲೂ ನಿಂತಿದೆ.

ಸಭಾಸೇವೆಗೆ ಸಿದ್ಧರಾಗುತ್ತಿರುವವರು ಈ ಚರಿತ್ರೆಯಲ್ಲಿ ಆರೋನನ ಹೆಸರಿನೊಂದಿಗೆ ರಾಜನಾಯಕನ ಹೆಸರನ್ನೂ ಓದಬೇಕೆಂಬುದು ನಮ್ಮ ಬಿನ್ನಹ. ನಮ್ಮ ಸಭೆಗಳಲ್ಲಿ ಯಾರು ಬೋಧಿಸುತ್ತಾರೆಂದು ಕೇಳುವಾಗಲೆಲ್ಲ, ಯಾರ ಕೈಯಿಂದ ರೊಟ್ಟಿಯನ್ನು ತೆಗೆದುಕೊಳ್ಳಲು ನಾವು ಹಿಂಜರಿಯುತ್ತೇವೆಂದೂ ಕೇಳಿಕೊಳ್ಳೋಣ.