ಸಣ್ಣ ವಿಮಾನಕ್ಕೆ ತಪಾಸಣೆ ಬೇಡವೇ?

ಬಜ್ಪೆಯಿಂದ ದುಬೈಗೋ ದಮ್ಮಾಮಿಗೋ ಹೊರಟ ನಮ್ಮವರಿಗೆ ಸೆಕ್ಯುರಿಟಿ ಚೆಕ್ ಹೊಸತೇನಲ್ಲ. ಬೆಲ್ಟ್ ಬಿಚ್ಚಬೇಕು, ಮೊಬೈಲ್, ಪರ್ಸ್ ಟ್ರೇಗೆ ಹಾಕಬೇಕು, ಚೀಲದಲ್ಲಿ ಚೂರಿ ಸಿಕ್ಕಿದರೆ ಅದನ್ನು ಅಲ್ಲೇ ಬಿಡಬೇಕು. ‘ಇದೆಂಥ ಕಿರಿಕಿರಿ ಮಾರಾಯ್ರೆ’ ಎಂದು ಗೊಣಗುವವರೂ ಇದ್ದಾರೆ. ಆದರೆ ನ್ಯೂಝಿಲ್ಯಾಂಡಿನಲ್ಲಿ ದೇಶದೊಳಗೇ ಹಾರುವ, 90ಕ್ಕಿಂತ ಕಡಿಮೆ ಸೀಟಿನ ವಿಮಾನಗಳಿಗೆ ಈ ತಪಾಸಣೆ ಇಲ್ಲ. ಬಸ್ ಹತ್ತಿದ ಹಾಗೆ ಹತ್ತಿ ಕೂರಬಹುದು.

ಇದರ ಅಪಾಯ ಏನೆಂದು 2008ರ ಫೆಬ್ರವರಿ 8ರಂದು ಗೊತ್ತಾಯಿತು. ಬ್ಲೆನಿಮ್‌ನಿಂದ ಕ್ರೈಸ್ಟ್‌ಚರ್ಚ್‌ಗೆ ಹೊರಟ ಈಗಲ್ ಏರ್‌ವೇಸ್‌ನ 19 ಸೀಟಿನ ಪುಟ್ಟ ಜೆಟ್‌ಸ್ಟ್ರೀಮ್ ವಿಮಾನದಲ್ಲಿ ಪೈಲಟ್‌ಗಳೂ ಸೇರಿ ಇದ್ದದ್ದು ಒಂಬತ್ತೇ ಮಂದಿ. ಪ್ರಯಾಣಿಕರಲ್ಲಿ ಒಬ್ಬ ಮಹಿಳೆ ಚೂರಿ ಹಿಡಿದು ಪೈಲಟ್‌ಗಳ ಮೇಲೆರಗಿದಳು. ಬಾಂಬ್ ಇದೆ ಎಂದಳು, ಆಸ್ಟ್ರೇಲಿಯಾಕ್ಕೆ ಹೋಗಬೇಕು ಎಂದಳು. ಅಷ್ಟು ದೂರ ಹಾರಲು ಆ ವಿಮಾನದಲ್ಲಿ ಇಂಧನವೇ ಇರಲಿಲ್ಲ. ಗಾಯಗೊಂಡರೂ ಪೈಲಟ್‌ಗಳು ವಿಮಾನವನ್ನು ಕ್ರೈಸ್ಟ್‌ಚರ್ಚ್‌ನಲ್ಲಿ ಸುರಕ್ಷಿತವಾಗಿ ಇಳಿಸಿದರು. ಎಲ್ಲರ ಜೀವ ಉಳಿಯಿತು. ಬಾಂಬ್ ಇರಲಿಲ್ಲ.

ಆಕೆ ಸೀದಾ ಪೈಲಟ್ ಬಳಿಗೆ ಹೋದದ್ದು ಹೇಗೆ? ಉತ್ತರ ಸುಲಭ: ನಡುವೆ ಬಾಗಿಲೇ ಇರಲಿಲ್ಲ. 2001ರ ಸೆಪ್ಟೆಂಬರ್ 11ರ ನಂತರ ಕಾಕ್‌ಪಿಟ್‌ಗೆ ಗಟ್ಟಿ ಬಾಗಿಲು ಬೇಕೆಂಬ ಅಂತಾರಾಷ್ಟ್ರೀಯ ನಿಯಮ ಬಂತು. ಅದು ಅನ್ವಯವಾಗುವುದು 60ಕ್ಕಿಂತ ಹೆಚ್ಚು ಸೀಟಿನ ಅಥವಾ ಭಾರೀ ತೂಕದ ವಿಮಾನಗಳಿಗೆ ಮಾತ್ರ. ಅಷ್ಟು ಸಣ್ಣ ವಿಮಾನದಲ್ಲಿ ಗಗನಸಖಿಯೂ ಇರುವುದಿಲ್ಲ. ಅಂದರೆ ಕೆಳಗೆ ತಪಾಸಣೆ ಇಲ್ಲ, ಮೇಲೆ ಬಾಗಿಲಿಲ್ಲ, ತಡೆಯುವವರೂ ಇಲ್ಲ.

ಇಷ್ಟಾದರೂ ಅಲ್ಲಿನ ಸಣ್ಣ ವಿಮಾನಗಳಿಗೆ ಇವತ್ತಿಗೂ ಕಡ್ಡಾಯ ತಪಾಸಣೆ ಬಂದಿಲ್ಲ. ಹತ್ತಿಪ್ಪತ್ತು ಜನ ಹತ್ತುವ ಪುಟ್ಟ ಊರಿನ ನಿಲ್ದಾಣಕ್ಕೂ ಯಂತ್ರ, ಸಿಬ್ಬಂದಿ ಇಟ್ಟರೆ ಆ ಖರ್ಚು ಟಿಕೆಟಿಗೇ ಬೀಳುತ್ತದೆ. ಆ ಲೆಕ್ಕವನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ದಿನ ಪೈಲಟ್‌ಗಳು ಕೈಚೆಲ್ಲಿದ್ದರೆ ಲೆಕ್ಕವೇ ಬೇರೆಯಾಗುತ್ತಿತ್ತು ಅಲ್ವಾ?

ಇನ್ನೊಂದು ವಿಷಯ ಹೇಳಲೇಬೇಕು. ಆ ಮಹಿಳೆ ಸೊಮಾಲಿಯಾದಿಂದ ಬಂದ ನಿರಾಶ್ರಿತೆ. ಆಕೆಗೆ ಮಾನಸಿಕ ಕಾಯಿಲೆಯ ಹಿನ್ನೆಲೆಯಿತ್ತು. 2010ರಲ್ಲಿ ಕೋರ್ಟು ಒಂಬತ್ತು ವರ್ಷ ಜೈಲು ಶಿಕ್ಷೆ ಕೊಟ್ಟಿತು. ತಪ್ಪಿಗೆ ಶಿಕ್ಷೆ ಆಗಲೇಬೇಕು. ಆದರೆ ಹೆಸರು, ಊರು ನೋಡಿ ಅಪಾಯ ಅಳೆಯಲಾಗುವುದಿಲ್ಲ. ತಪಾಸಣೆ ಯಂತ್ರ ನೋಡುವುದು ಚೀಲದೊಳಗಿನ ಚೂರಿಯನ್ನು, ಚೀಲ ಹಿಡಿದವರ ಹೆಸರನ್ನಲ್ಲ. ಎಲ್ಲರಿಗೂ ಒಂದೇ ತಪಾಸಣೆ ಇದ್ದರೆ ಯಾರ ಮೇಲೂ ವೃಥಾ ಸಂಶಯ ಬೇಕಾಗುವುದಿಲ್ಲ.

ನಮ್ಮಲ್ಲಿ 70-80 ಸೀಟಿನ ಎಟಿಆರ್ ವಿಮಾನ ಹತ್ತುವವರಿಗೂ ಅದೇ ತಪಾಸಣೆ. ಜಗಳ ತೆಗೆಯುವವರಿಗೆ 2017ರಿಂದ ‘ನೋ ಫ್ಲೈ’ ಪಟ್ಟಿಯಿದೆ: ಬಾಯಿಮಾತಿನ ದುರ್ವರ್ತನೆಗೆ 3 ತಿಂಗಳವರೆಗೆ, ಕೈ ಮಾಡಿದರೆ 6 ತಿಂಗಳವರೆಗೆ, ಜೀವಕ್ಕೆ ಅಪಾಯ ತಂದರೆ ಕನಿಷ್ಠ 2 ವರ್ಷ ವಿಮಾನ ಪ್ರಯಾಣಕ್ಕೆ ನಿಷೇಧ. ಕಾಕ್‌ಪಿಟ್‌ಗೆ ನುಗ್ಗಲು ನೋಡುವುದೂ ಈ ಕೊನೆಯ ವರ್ಗಕ್ಕೇ ಸೇರುತ್ತದೆ.

ಮುಂದಿನ ಸಲ ಬೆಲ್ಟ್ ಬಿಚ್ಚುವಾಗ ಐದು ನಿಮಿಷ ಹೆಚ್ಚು ಹಿಡಿದರೆ ಬೇಸರ ಬೇಡ. ಪಕ್ಕದ ಸೀಟಿನವರ ಚೀಲವೂ ಅದೇ ಯಂತ್ರದೊಳಗೆ ಹೋಗಿ ಬಂದಿರುತ್ತದೆ.